ನಾನು ಗದ್ದೆಗೆ ಕಳಿಸಿದ ಡಿಸ್ಕ್

ಹೊನ್ನಾವರ ಪೇಟೆಯಲ್ಲಿ ಯಾರ ಮನೆಯ ಟೀವಿ ಕೆಟ್ಟರೂ, ಡಿಸ್ಕ್ ಹಾಕುವ ಪ್ಲೇಯರ್ ಕೆಟ್ಟರೂ ‘ನಾಯ್ಕರನ್ನ ಕರೀರಿ’ ಅನ್ನುವ ಕಾಲವೊಂದಿತ್ತು. ಆ ನಾಯ್ಕ ನಾನೇ. ಬಡಾಯಿ ಕೊಚ್ಚುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ಕಾಮತರ ಅಂಗಡಿಯಲ್ಲಿ ಮೂವತ್ತೆರಡು ವರ್ಷ ರಿಪೇರಿ ಕೆಲಸ ಮಾಡಿದೆ. ವಾರಕ್ಕೆ ಎರಡು ದಿನ ಭಟ್ಕಳ, ಎರಡು ದಿನ ಕುಮಟಾದಲ್ಲಿದ್ದ ಅವರ ಇನ್ನೊಂದು ಅಂಗಡಿ, ಉಳಿದ ದಿನ ಹೊನ್ನಾವರ. ಈಗ ಸಣ್ಣ ಸ್ಕ್ರೂ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಬಿಟ್ಟೆ. ಕೈ ಇನ್ನೂ ನಡುಗುವುದಿಲ್ಲ.

ಈ ಕಸುಬಿಗೆ ಹೊಸದಾಗಿ ಬಂದವರು ಸಿಕ್ಕಾಗ ಕೇಳುತ್ತಾರೆ, ಆಗೆಲ್ಲ ಹೇಗಿತ್ತು ಅಂತ. ನೀವು ಈಗ ಹಾರ್ಡ್ ಡಿಸ್ಕಿನಿಂದ ಫೋಟೋ ಎತ್ತಿ ಕೊಡುವವರು, ನೀರಿಗೆ ಬಿದ್ದ ಮೊಬೈಲಿಗೆ ಜೀವ ತುಂಬುವವರು. ನಮ್ಮ ಕಾಲದ ಯಂತ್ರ ಒಂದೂ ನಿಮ್ಮ ಮೇಜಿನ ಮೇಲೆ ಬರುವುದಿಲ್ಲ. ಆದರೂ ಬರೆಯುತ್ತೇನೆ. ಯಾಕೆಂದರೆ ನನ್ನ ಬಾಯಿಂದ ಬಂದ ಒಂದು ಮಾತಿನಿಂದ ಕುಮಟಾ ಹತ್ತಿರದ ಕಾಗಾಲದ ಒಬ್ಬಳು ಹೆಂಗಸು ತನ್ನ ತಾಯಿಯ ದನಿಯನ್ನೇ ಕಳೆದುಕೊಳ್ಳುವುದರಲ್ಲಿದ್ದಳು. ಅದನ್ನು ಹೇಳಬೇಕೆಂದರೆ ಮೊದಲು ಡಿಸ್ಕುಗಳ ಜಗಳ ಹೇಳಬೇಕು.

ಕ್ಯಾಸೆಟ್ಟಿನ ಕಾಲ ಮುಗಿಯುವ ಹೊತ್ತಿಗೆ ಮೊದಲು ಬಂದದ್ದು ದೊಡ್ಡ ಡಿಸ್ಕ್. ದೋಸೆ ಕಾವಲಿಯಷ್ಟು ಅಗಲ. ಗಲ್ಫಿನಿಂದ ಬಂದ ಒಬ್ಬರ ಕೈಯಿಂದ ಕಾಮತರು ಅದರ ಯಂತ್ರವನ್ನೂ ನಾಲ್ಕು ಡಿಸ್ಕನ್ನೂ ಕೊಂಡು ಅಂಗಡಿಯ ಮುಂದೆ ಇಟ್ಟರು. ಊರೆಲ್ಲ ಬಂದು ನೋಡಿತು, ಒಬ್ಬನೂ ಕೊಳ್ಳಲಿಲ್ಲ. ಕಾಮತರು ನನ್ನ ಧಣಿ. ಒಳ್ಳೆಯ ಮನುಷ್ಯ, ಆದರೆ ಒಂದು ಸಲ ಬಿಸಿ ತಾಗಿತೆಂದರೆ ಮತ್ತೆ ಆ ಪಾತ್ರೆ ಮುಟ್ಟುವವರಲ್ಲ. ಅಲ್ಲಿಂದ ಮುಂದೆ ಯಾವ ಹೊಸ ಡಿಸ್ಕ್ ಬಂದರೂ ‘ಮೊದಲು ಬೇರೆಯವರು ಮುಳುಗಲಿ’ ಅನ್ನುತ್ತಿದ್ದರು.

ಆಮೇಲೆ ವಿಸಿಡಿ ಬಂತು. ಒಂದು ಸಿನಿಮಾಕ್ಕೆ ಎರಡು ಡಿಸ್ಕ್. ನಾಯಕ ಹೊಡೆಯಲು ಕೈ ಎತ್ತಿದ ಅನ್ನುವಾಗ ಮೊದಲನೆಯದು ಮುಗಿಯುತ್ತಿತ್ತು. ಎರಡನೆಯದು ಹಾಕುವವರೆಗೆ ಖಳನಾಯಕನಿಗೆ ಪುರುಸೊತ್ತು. ಚಿತ್ರ ಮಸುಕು, ಆದರೆ ಅಗ್ಗ. ಅದರ ಬೆನ್ನಿಗೇ ಡಿವಿಡಿ ಬಂತು, ಒಂದೇ ಡಿಸ್ಕ್, ಕನ್ನಡಿಯ ಹಾಗೆ ಚಿತ್ರ. ‘ತರಿಸೋಣ’ ಅಂದೆ ನಾನು. ‘ಅರೇ ದೇವಾ, ಮುಖ ಕಂಡ್ರೆ ಸಾಕಲ್ವೋ ಮಾರಾಯ, ಮೂಗಿನ ಬೆವರು ಎಂತಕ್ಕೆ ಕಾಣಬೇಕು?’ ಅಂದರು ಕಾಮತರು. ಎರಡು ವರ್ಷ ಹಾಗೆಯೇ ಕಳೆದೆವು. ಹೊನ್ನಾವರದಲ್ಲಿ, ಕುಮಟಾದಲ್ಲಿ ಅವರ ಮಾತೇ ಸರಿಯಾಯಿತು, ಜನ ವಿಸಿಡಿಯನ್ನೇ ಕೊಂಡರು. ಆದರೆ ಭಟ್ಕಳ ನಮ್ಮ ಕೈಬಿಟ್ಟಿತು. ಅಲ್ಲಿ ಮನೆಮನೆಗೆ ದುಬೈಯಿಂದ ಡಿವಿಡಿ ಇಳಿಯುತ್ತಿತ್ತು.

ಇಳಿದ ಡಿಸ್ಕ್ ಮಾತ್ರ ಇಲ್ಲಿಯ ಯಂತ್ರದಲ್ಲಿ ಓಡುತ್ತಿರಲಿಲ್ಲ. ಕಂಪನಿಯವರು ಲೋಕವನ್ನೇ ಪಾಲು ಮಾಡಿಕೊಂಡಿದ್ದರು: ಗಲ್ಫಿಗೆ ಒಂದು ನಂಬರು, ನಮಗೆ ಇನ್ನೊಂದು. ಆ ಬೀಗ ತೆಗೆಯುವ ಕೀಲಿ ರಿಮೋಟಿನಲ್ಲೇ ಇರುತ್ತಿತ್ತು. ಯಾವ ಯಂತ್ರಕ್ಕೆ ಯಾವ ಅಂಕಿ ಒತ್ತಬೇಕೆಂದು ನಾನು ಕಿಸೆಯ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೆ. ಗಿರಾಕಿಗೆ ಬೆನ್ನು ಹಾಕಿ, ಮಂತ್ರವಾದಿಯ ಗತ್ತಿನಲ್ಲಿ ಒತ್ತುತ್ತಿದ್ದೆ. ಭಟ್ಕಳದಲ್ಲಿ ನನಗೆ ಸಿಕ್ಕ ಚಹಾ, ಬಿರಿಯಾನಿಯೆಲ್ಲ ಆ ನಾಲ್ಕು ಅಂಕಿಗಳ ಪ್ರಸಾದ.

ಆ ಗತ್ತಿಗೆ ಒಂದು ಸಲ ಪೆಟ್ಟೂ ಬಿತ್ತು. ಮುರ್ಡೇಶ್ವರದ ಲಾಡ್ಜೊಂದರಲ್ಲಿ ಮ್ಯಾನೇಜರನಿಗೆ ತೋರಿಸಲೆಂದು ಒಂದೇ ಯಂತ್ರದ ನಂಬರನ್ನು ಹಿಂದೆ ಮುಂದೆ ನಾಲ್ಕಾರು ಸಲ ಬದಲಿಸಿದೆ. ಆ ಯಂತ್ರಕ್ಕೆ ಬದಲಿಸುವ ಲೆಕ್ಕವೇ ಇಷ್ಟು ಸಲ ಅಂತ ಇತ್ತು. ಗಲ್ಫಿನ ನಂಬರಿಗೆ ಬಂದು ನಿಂತದ್ದು ಮತ್ತೆ ಅಲ್ಲಾಡಲಿಲ್ಲ. ಊರಿನ ಒಂದು ಡಿಸ್ಕೂ ಅದರಲ್ಲಿ ಓಡದು. ಕಾಮತರು ಆ ದಿನ ಕೊಂಕಣಿಯಲ್ಲಿ ಬೈದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ‘ಗೊತ್ತಿದ್ದದ್ದು ತೋರಿಸೂಕೆ ಹೋಗ್ಬೇಡ, ಕೆಲಸ ಮಾಡು’ ಅಂತ ಕೊನೆಗೆ ಕನ್ನಡದಲ್ಲಿ ಹೇಳಿದ್ದನ್ನು ಬರೆಯಬಹುದು.

ಇನ್ನು ಮನೆಯಲ್ಲೇ ಬರೆಯುವ ಡಿಸ್ಕುಗಳು. ಮೈನಸ್ ಅನ್ನುವ ಜಾತಿ ಒಂದು, ಪ್ಲಸ್ ಅನ್ನುವ ಜಾತಿ ಒಂದು. ನೋಡಲು ಅವಳಿ ಜವಳಿ, ಒಂದಕ್ಕೊಂದು ಆಗದು, ಒಂದನ್ನು ಓದುವ ಯಂತ್ರ ಇನ್ನೊಂದನ್ನು ಓದದು. ಮದುವೆಯ ವಿಡಿಯೋದವರು ಕೈಗೆ ಸಿಕ್ಕಿದ್ದರಲ್ಲಿ ಬರೆದು ಎರಡೂ ಮನೆಗೆ ಕೊಡುತ್ತಿದ್ದರು. ಹೆಣ್ಣಿನ ಮನೆಯಲ್ಲಿ ಓಡುವುದು, ಗಂಡಿನ ಮನೆಯಲ್ಲಿ ಓಡದು. ‘ನಮಗೆ ಬೇಕಂತ ಹಾಳು ಡಿಸ್ಕ್ ಕೊಟ್ಟಿದ್ದಾರೆ’ ಅಂತ ಬೀಗರ ನಡುವೆ ಮಾತು ನಿಂತ ಉದಾಹರಣೆ ನಾನೇ ಎರಡು ಕಂಡಿದ್ದೇನೆ. ಎರಡೂ ಕಡೆ ಹೋಗಿ, ಇದು ಹೆಣ್ಣಿನ ದೋಷವೂ ಅಲ್ಲ, ಗಂಡಿನ ದೋಷವೂ ಅಲ್ಲ, ಕಂಪನಿಗಳ ಜಗಳ ಅಂತ ತಿಳಿಸಿ ಹೇಳಿ ಬಂದಿದ್ದೇನೆ. ಮೂರನೆಯದೊಂದು ಜಾತಿಯ ಡಿಸ್ಕೂ ಇದೆ ಅಂತ ಓದಿದ್ದೆ, ರ‍್ಯಾಮ್ ಅಂತ. ನಮ್ಮ ಕಡೆ ಅದು ಬರುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ನಮ್ಮ ಕರಾವಳಿಯಲ್ಲಿ ಡಿಸ್ಕಿಗೆ ನಿಜವಾದ ವೈರಿ ಬೂಷ್ಟು. ಮಳೆಗಾಲ ಮುಗಿಯುವಾಗ ಅಂಗಡಿಗೆ ಬರುವ ಹತ್ತರಲ್ಲಿ ಏಳು ಡಿಸ್ಕ್ ಬೂಷ್ಟು ಹಿಡಿದದ್ದೇ. ಮೇಲಿನದಾದರೆ ಒರೆಸಿದರೆ ಹೋಗುತ್ತದೆ, ಒಳಗೆ ಹೊಕ್ಕಿದ್ದರೆ ಮುಗಿಯಿತು. ಬೆಳಕಿಗೆ ಹಿಡಿದು ಒಂದು ಸಲ ಓರೆ ಮಾಡಿದರೆ ಸಾಕು, ಬದುಕುತ್ತದೋ ಇಲ್ಲವೋ ನಾನು ಹೇಳಿಬಿಡುತ್ತಿದ್ದೆ. ಸತ್ತದ್ದನ್ನು ಒಂದು ರಟ್ಟಿನ ಪೆಟ್ಟಿಗೆಗೆ ಹಾಕುತ್ತಿದ್ದೆ. ಕುಮಟಾ ಪೇಟೆಗೆ ತರಕಾರಿ ಮಾರಲು ಬಂದ ಹೆಂಗಸರು ಹಿಂದೆ ಹೋಗುವಾಗ ಆ ಪೆಟ್ಟಿಗೆಯಿಂದ ನಾಲ್ಕಾರು ಒಯ್ಯುತ್ತಿದ್ದರು. ಗದ್ದೆಯಲ್ಲಿ ದಾರ ಕಟ್ಟಿ ತೂಗುಬಿಟ್ಟರೆ ಬಿಸಿಲಿಗೆ ಮಿಂಚುತ್ತದೆ, ನವಿಲು, ಗಿಳಿ ಹತ್ತಿರ ಬರುವುದಿಲ್ಲ. ‘ಗದ್ದೆಗೆ ಕಟ್ಟಿ’ ಅಂತ ನಾನು ಹೇಳಿದೆನೆಂದರೆ ಅದು ಡಾಕ್ಟರು ಕನ್ನಡಕ ತೆಗೆದು ತಲೆ ಅಲ್ಲಾಡಿಸಿದ ಹಾಗೆ. ಮತ್ತೆ ಯಾರೂ ಎರಡನೆಯ ಮಾತು ಕೇಳುತ್ತಿರಲಿಲ್ಲ.

ಹಾಗೆ ಒಂದು ಮಳೆಗಾಲದ ಕೊನೆಯಲ್ಲಿ ಕಾಗಾಲದ ಮಾದೇವಕ್ಕ ನಮ್ಮ ಕುಮಟಾದ ಅಂಗಡಿಗೆ ಬಂದಳು. ಹರಿವೆ, ಬದನೆ, ಶೇಂಗಾ ಬೆಳೆದು ತಂದು ಮಾರುವವಳು, ನನಗೆ ಮುಖಪರಿಚಯ. ಬುಟ್ಟಿ ಹೊರಗೆ ಇಳಿಸಿ, ಸೆರಗಿನ ಗಂಟಿನಿಂದ ಅಂಗೈಯಗಲದ ಒಂದು ಸಣ್ಣ ಡಿಸ್ಕ್ ತೆಗೆದಳು.

‘ನಾಯ್ಕ್ರೆ, ಇದ್ರಲ್ಲಿ ನಮ್ಮವ್ವೆ ಹಾಡು ಅದೆ. ಒಂಚೂರು ನೋಡ್ರಿ.’

ಅವಳ ತಾಯಿ ಹೊನ್ನಮ್ಮ ಆ ಕಡೆಯಲ್ಲೆಲ್ಲ ಹಾಡಿಗೆ ಹೆಸರಾದವಳು. ಮದುವೆಯ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಹಾಡು, ಎಲ್ಲ ಅವಳ ನಾಲಿಗೆಯ ಮೇಲೆ. ಆ ವರ್ಷ ಯುಗಾದಿ ಕಳೆದ ಮೇಲೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಬರುವ ಸಂಕ್ರಾಂತಿ ಕಳೆದ ಮೇಲೆ ಮಾದೇವಕ್ಕನ ಮಗಳ ಮದುವೆ ಇತ್ತು.

‘ಉಳ್ದ ಹಾಡೆಲ್ಲ ನಂಗೆ ಬತ್ತದೆ. ಹೆಣ್ಣೊಪ್ಪಿಸೂ ಹಾಡು ಒಂದು ಬತ್ತಿಲ್ಲ. ಅವ್ವೆ ಅದ್ನ ಮದ್ವೆ ಚಪ್ಪರದ ಹೊರಗೆ ಯಾವತ್ತೂ ಹೇಳ್ಲಿಲ್ಲ. ಮದ್ವೆ ಇಲ್ದೆ ಹೇಳ್ದ್ರೆ ಮನೆ ಹೆಣ್ಣಿಗೆ ಒಳ್ಳೇದಲ್ಲ ಅಂತದೆ. ಚಪ್ಪರದಲ್ಲಿ ಕೇಳುವಾಗ ಅಳೂದೇ ಆತು, ಕಲಿಯೂದು ಎಲ್ಲಿ?’

ಅವಳ ತಮ್ಮ ಹಡಗಿನಲ್ಲಿ ಕೆಲಸಕ್ಕಿದ್ದವನು. ರಜೆಯಲ್ಲಿ ಬಂದಾಗ ಕೇರಿಯ ಒಂದು ಮದುವೆಯಲ್ಲಿ ತಾಯಿ ಹಾಡಿದ್ದನ್ನು ಪೂರಾ ಹಿಡಿದಿದ್ದನಂತೆ, ಟೇಪಿನ ಬದಲು ಸಣ್ಣ ಡಿಸ್ಕ್ ಹಾಕುವ ಕ್ಯಾಮರಾದಲ್ಲಿ. ಕ್ಯಾಮರಾವನ್ನು ಆಮೇಲೆ ಯಾವುದೋ ಬಂದರಿನಲ್ಲಿ ಮಾರಿದ. ಉಳಿದದ್ದು ಈ ಡಿಸ್ಕ್ ಒಂದೇ.

ನಾನು ಮೊದಲು ಅಂಗಡಿಯ ಯಂತ್ರಕ್ಕೆ ಹಾಕಿದೆ. ‘ನೋ ಡಿಸ್ಕ್’ ಅಂತ ತೋರಿಸಿತು. ಎರಡನೆಯದಕ್ಕೆ ಹಾಕಿದೆ, ಮೂರನೆಯದಕ್ಕೆ ಹಾಕಿದೆ, ಅದೇ ಪಾಠ. ಹೊರಗೆ ತೆಗೆದು ಬೆಳಕಿಗೆ ಹಿಡಿದು ಓರೆ ಮಾಡಿದೆ. ಮೈತುಂಬ ಸಣ್ಣ ಸಣ್ಣ ಚುಕ್ಕೆ, ಒಳಗಿನ ಪದರದಲ್ಲಿ. ಒರೆಸಿದೆ, ಹೋಗಲಿಲ್ಲ.

‘ಬೂಷ್ಟು ಒಳಗೆ ಹೊಕ್ಕಿದೆ ಮಾದೇವಕ್ಕ. ಇದ್ರಲ್ಲಿ ಇನ್ನು ಎಂತದೂ ಇಲ್ಲ.’

‘ಒಂದು ಹಾಡೂ ಸಿಕ್ಕೂದಿಲ್ವಾ?’

‘ಒಂದಕ್ಷರವೂ ಇಲ್ಲ. ಗದ್ದೆಗೆ ಕಟ್ಟಿ.’

ಅವಳು ಅಳಲಿಲ್ಲ. ಡಿಸ್ಕನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡು, ‘ನೀವು ಹೇಳ್ದ ಮೇಲೆ ಆತು’ ಅಂತ ಬುಟ್ಟಿ ಹೊತ್ತು ಹೋದಳು. ನನಗೆ ಪಾಪ ಅನ್ನಿಸಿತು. ಸಂಶಯ ಮಾತ್ರ ಒಂದು ಕೂದಲಿನಷ್ಟೂ ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ಭಟ್ಕಳದಲ್ಲಿ ಇಲಿಯಾಸ್ ಸಾಹೇಬರು ಹೇಳಿಕಳಿಸಿದರು. ಅವರು ನನ್ನ ಹಳೆಯ ಗಿರಾಕಿ. ಗಲ್ಫಿನ ಕೆಲಸ ಮುಗಿಸಿ ಬಂದವರು ಜೊತೆಗೆ ಟೀವಿಯಲ್ಲಿ ಬಂದದ್ದನ್ನು ಡಿಸ್ಕಿಗೆ ಬರೆದುಕೊಳ್ಳುವ ಒಂದು ದೊಡ್ಡ ಯಂತ್ರ ತಂದಿದ್ದರು. ಅದರ ತಂತಿ ಜೋಡಿಸಿ ಕೊಡಬೇಕಿತ್ತು. ಜೋಡಿಸಿ ಮುಗಿಸಿದೆ, ಚಹಾ ಬಂತು. ಅವರು ಒಂದು ಹೊಸ ಡಿಸ್ಕಿನ ಪೊಟ್ಟಣದ ಪ್ಲಾಸ್ಟಿಕ್ ಹರಿದು ನನ್ನ ಕೈಗೆ ಕೊಟ್ಟರು. ಅಭ್ಯಾಸಬಲ, ಬೆಳಕಿಗೆ ಹಿಡಿದು ಓರೆ ಮಾಡಿದೆ. ಮೈತುಂಬ ಸಣ್ಣ ಸಣ್ಣ ಚುಕ್ಕೆ.

‘ಸಾಹೇಬರೆ, ಇದಕ್ಕೆ ಬೂಷ್ಟು ಹಿಡಿದಿದೆ.’

‘ಅರೆ, ಎಂತ ಹೇಳ್ತೀರಿ ನಾಯ್ಕ್ರೆ? ಈಗ ನಿಮ್ಮೆದುರೇ ಪೊಟ್ಟಣ ಒಡೆದದ್ದು! ರ‍್ಯಾಮ್ ಡಿಸ್ಕ್ ಇರೋದೇ ಹೀಗೆ. ಆ ಗುರುತು ಕಂಪನಿಯವರೇ ಹಾಕಿದ್ದು. ಬೇರೆ ಮೆಷಿನ್ ಇದನ್ನ ಮೂಸಿ ಕೂಡ ನೋಡೋದಿಲ್ಲ, ಈ ಮೆಷಿನಲ್ಲಿ ಮಾತ್ರ ಓಡೋದು.’

ಚಹಾದ ಲೋಟ ಕೆಳಗಿಟ್ಟೆ. ನಾನು ಬೂಷ್ಟು ಅಂದದ್ದು ಬೂಷ್ಟಲ್ಲ. ಆ ಡಿಸ್ಕಿನ ಹುಟ್ಟುಗುರುತು. ಬೆಂಗಳೂರಿನವನಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ, ಅವನಿಗೆ ಬೂಷ್ಟಿನ ನೆನಪೇ ಬರುತ್ತಿರಲಿಲ್ಲ. ಮಳೆಗಾಲದ ಡಿಸ್ಕುಗಳನ್ನು ಸಾವಿರಗಟ್ಟಲೆ ನೋಡಿದ ಕಣ್ಣು ನನ್ನದು, ಅದಕ್ಕೇ ಮೋಸ ಹೋಯಿತು. ‘ನೋ ಡಿಸ್ಕ್’ ಅಂತ ಯಂತ್ರ ಹೇಳಿದರೆ ಡಿಸ್ಕ್ ಸತ್ತಿದೆ ಅಂತ ಅರ್ಥವಲ್ಲ, ತನಗೆ ಓದಲು ಬರುವುದಿಲ್ಲ ಅಂತ ಅರ್ಥ. ಯಂತ್ರ ಅಷ್ಟಾದರೂ ಮರ್ಯಾದೆಯಿಂದ ಹೇಳಿತ್ತು. ನಾನು ಹೇಳಲಿಲ್ಲ.

ಇಲಿಯಾಸ್ ಸಾಹೇಬರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಎದ್ದು, ನಾನು ಆಗಷ್ಟೇ ಜೋಡಿಸಿದ ತಂತಿಗಳನ್ನು ತಾವೇ ಕಳಚತೊಡಗಿದರು.

‘ತಗೊಂಡು ಹೋಗಿ. ತಾಯಿ ಆವಾಜು ನಾಯ್ಕ್ರೆ, ಅದು ಮತ್ತೆ ಅಂಗಡೀಲಿ ಸಿಗೋ ಮಾಲಲ್ಲ.’

ಮರುದಿನ ಬೆಳಿಗ್ಗೆ ಕಾಮತರ ಹತ್ತಿರ ರಜೆ ಕೇಳಿದೆ, ಕಾರಣವನ್ನೂ ಹೇಳಿದೆ. ಅವರು ಮೀಸೆ ತೀಡಿದರು. ‘ಅವಳಿಗೆ ಗೊತ್ತಾಗಿಲ್ಲ ಅಲ್ವೋ? ಸುಮ್ನಿರು. ನಾಯ್ಕನ ಮಾತು ತಪ್ಪಾಗ್ತದೆ ಅಂತ ಒಂದು ಸಲ ಪೇಟೆಗೆ ತಿಳಿದ್ರೆ ಮತ್ತೆ ಯಾರು ಬರ್ತಾರೆ?’ ಅಂದರು. ‘ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತಲ್ಲ’ ಅಂದೆ. ಧಣಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಗೊಣಗಿದರು, ಕೊನೆಗೆ ತಮ್ಮ ಸ್ಕೂಟರಿನ ಕೀಲಿಯನ್ನು ಮೇಜಿನ ಮೇಲೆ ಎಸೆದರು. ‘ಮೆಷಿನ್ ಹೊತ್ಕೊಂಡು ಬಸ್ಸಲ್ಲಿ ಹೋಗ್ಬೇಡ, ಕುಲುಕ್ತದೆ.’

ಕಾಗಾಲದಲ್ಲಿ ಮಾದೇವಕ್ಕನ ಗದ್ದೆ ಎಲ್ಲಿ ಅಂತ ಯಾರನ್ನೂ ಕೇಳಬೇಕಾಗಲಿಲ್ಲ. ದೂರದಿಂದಲೇ ಮಿಂಚುತ್ತಿತ್ತು. ಶೇಂಗಾ, ಬದನೆಯ ನಡುವೆ ಕೋಲು ನೆಟ್ಟು ದಾರ ಎಳೆದು ಕಟ್ಟಿದ ಡಿಸ್ಕುಗಳು, ಎಲ್ಲ ನನ್ನ ಪೆಟ್ಟಿಗೆಯವೇ. ಹತ್ತಿರ ಹೋಗಿ ಒಂದನ್ನು ಹಿಡಿದು ನೋಡಿದೆ. ಬಿಸಿಲಿಗೆ ಬಣ್ಣ ಹೋಗಿ ಗಾಜಿನ ಹಾಗಾಗಿತ್ತು. ಪಕ್ಕದ್ದರ ಬೆಳ್ಳಿ ಪದರ ಸಿಪ್ಪೆಯ ಹಾಗೆ ಸುಲಿದುಹೋಗಿತ್ತು. ಸಾಲು ಸಾಲಾಗಿ ಹುಡುಕಿದೆ. ಆ ಸಣ್ಣ ಡಿಸ್ಕ್ ಎಲ್ಲಿಯೂ ಕಾಣಲಿಲ್ಲ.

ಮಾದೇವಕ್ಕ ಕೊಡಪಾನ ಇಳಿಸಿ ನನ್ನನ್ನೇ ನೋಡಿದಳು. ‘ಹೋ, ನಾಯ್ಕ್ರು! ಇಲ್ಲಿವರಿಗೆ ಎಂತಕ್ಕೆ ಬಂದ್ರಿ?’

‘ಆ ಸಣ್ಣ ಡಿಸ್ಕ್ ಎಲ್ಲಿದೆ ಮಾದೇವಕ್ಕ?’

‘ಎಲ್ಲಿ ಅಂದ್ರೆ? ನೀವೇ ಹೇಳಿದ್ರಲ್ಲ, ಕಟ್ಟು ಅಂತ. ಕಟ್ಟಿದೆ.’ ಅವಳು ಮನೆಯ ಕಡೆ ಕೈ ತೋರಿಸಿದಳು. ‘ಬೇರೆದ್ರ ಸಂಗ್ತಿಗೆ ಗದ್ದೇಲಿ ಕಟ್ಟೂಕೆ ಮನಸ್ಸು ಬರ್ಲಿಲ್ಲ. ಅವ್ವೆ ಕೂತ್ಕಂಬಲ್ಲಿ ಕಾಣ್ಲಿ ಅಂತ ಬಸಳೆ ಚಪ್ಪರಕ್ಕೆ ಕಟ್ಟಿದೆ.’

ಅಂಗಳದ ಬಸಳೆ ಚಪ್ಪರದಲ್ಲಿ ಅದು ತಿರುಗುತ್ತಿತ್ತು. ಜಗಲಿಯಲ್ಲಿ ಗೋಡೆಗೆ ಒರಗಿ ಕೂತ ಹೊನ್ನಮ್ಮ ಅದನ್ನೇ ನೋಡುತ್ತಿದ್ದಳು. ದಾರ ಬಿಚ್ಚಿ ಬೆಳಕಿಗೆ ಹಿಡಿದೆ. ಎರಡು ತಿಂಗಳ ಬಿಸಿಲು ತಿಂದರೂ ಬಣ್ಣ ಸ್ವಲ್ಪವೂ ಮಾಸಿರಲಿಲ್ಲ. ಚುಕ್ಕೆಗಳು ಇದ್ದ ಹಾಗೇ ಇದ್ದವು. ಪೇಟೆಯಲ್ಲಿ ಗೆದ್ದ ಡಿಸ್ಕುಗಳು ಗದ್ದೆಯಲ್ಲಿ ಬೋಳಾಗಿ ತೂಗುತ್ತಿದ್ದವು, ಯಾರಿಗೂ ಬೇಡವಾದ ಈ ಜಾತಿ ಗಟ್ಟಿಯಾಗಿ ಉಳಿದಿತ್ತು. ಆದರೆ ಹೊರ ಅಂಚಿಗೆ ಚಪ್ಪರದ ತಂತಿ ತಾಗಿ ತಾಗಿ ಗೀರು ಬಿದ್ದಿತ್ತು. ಡಿಸ್ಕಿನಲ್ಲಿ ಬರಹ ಒಳಗಿನಿಂದ ಹೊರಗೆ ಹೋಗುತ್ತದೆ. ಮದುವೆಯಲ್ಲಿ ಹೆಣ್ಣೊಪ್ಪಿಸುವುದು ಕೊನೆಗೆ. ಅಂದರೆ ಬೇಕಾದ ಹಾಡು ಇರುವುದೇ ಆ ಗೀರಿನ ಹತ್ತಿರ.

‘ಮಾದೇವಕ್ಕ, ಆ ದಿನ ನಾನು ಹೇಳಿದ್ದು ತಪ್ಪು. ಇದು ಸತ್ತಿರಲಿಲ್ಲ. ನನಗೆ ಗೊತ್ತಾಗಲಿಲ್ಲ, ಗೊತ್ತಿದ್ದವನ ಹಾಗೆ ಹೇಳಿದೆ’ ಅಂದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು.

‘ಹಂಗಾರೆ ಹಾಡು ಅದ್ಯಾ?’ ಅಂತ ಅಷ್ಟೇ ಕೇಳಿದಳು.

ಹೊಸಬರೇ, ಇಲ್ಲಿ ಒಂದು ನಿಯಮ ಹೇಳಿಬಿಡುತ್ತೇನೆ: ಹಳೆಯ ಡಿಸ್ಕ್ ಸಿಕ್ಕರೆ ಮೊದಲು ನಕಲು, ಆಮೇಲೆ ನೋಟ. ನಾನು ಆ ದಿನ ನಿಯಮ ಮುರಿದೆ. ತಾಯಿ, ಮಗಳು, ಮದುವೆಯ ಹುಡುಗಿ ಮೂವರೂ ಜಗಲಿಗೆ ತಂದಿಟ್ಟ ಟೀವಿಯ ಮುಂದೆ ಕೂತಿದ್ದರು. ಕೆಂಪು, ಬಿಳಿ, ಹಳದಿ ತಂತಿ ಸಿಕ್ಕಿಸಿ, ಡಿಸ್ಕನ್ನು ಒರೆಸಿ ಒಳಗೆ ತಳ್ಳಿದೆ. ಯಂತ್ರ ಸ್ವಲ್ಪ ಹೊತ್ತು ಗುರುಗುಟ್ಟಿತು. ಆಮೇಲೆ ಟೀವಿಯಲ್ಲಿ ಮಾವಿನ ತೋರಣ ಕಂಡಿತು, ಚಪ್ಪರ ಕಂಡಿತು, ಹೊನ್ನಮ್ಮ ಕಂಡಳು, ಎರಡೂ ಕೈ ಆಡಿಸುತ್ತ, ದೊಡ್ಡ ದನಿಯಲ್ಲಿ. ಮಾದೇವಕ್ಕ ‘ಅವ್ವೇ!’ ಅಂತ ಕೂಗಿ ಬಾಯಿ ಮುಚ್ಚಿಕೊಂಡಳು.

ಒಂದೊಂದೇ ಹಾಡು ದಾಟಿ ಕೊನೆಯದಕ್ಕೆ ಬಂದೆವು. ಹೆಣ್ಣೊಪ್ಪಿಸುವ ಹಾಡು. ದನಿ ಇಳಿದಿತ್ತು, ನಿಧಾನವಾಗಿತ್ತು. ನಮ್ಮ ಮಗಳು ಹಸಿದರೆ ಕೇಳುವವಳಲ್ಲ, ನೀವೇ ತಿಳಿದು ಉಣ್ಣಿಸಿ ಅಂತ ಬೀಗಿತಿಗೆ ಹೇಳುವ ಹಾಡು ಅದು. ಮೊದಲ ನುಡಿ ಬಂತು, ಎರಡನೆಯದು ಬಂತು. ಮಾದೇವಕ್ಕನ ತುಟಿ ಜೊತೆಗೇ ಅಲ್ಲಾಡುತ್ತಿತ್ತು. ಮೂರನೆಯ ನುಡಿಯ ನಡುವೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು. ಟೀವಿಯಲ್ಲಿ ಹೊನ್ನಮ್ಮ ಬಾಯಿ ತೆರೆದ ಹಾಗೇ ಇದ್ದಳು, ಸದ್ದಿಲ್ಲ.

ರಿಮೋಟು ಒತ್ತಿದೆ. ಮುಂದೆ ಹೋಗಲಿಲ್ಲ. ಹಿಂದೆ ಹೋಗಿ ಬಂದೆ, ಅಲ್ಲಿಗೇ ಬಂದು ನಿಂತಿತು. ಎಲ್ಲ ವಿದ್ಯೆಯೂ ಮುಗಿಯಿತು. ಮಾದೇವಕ್ಕನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಆಗ ನನ್ನ ಬೆನ್ನ ಹಿಂದೆ ದನಿಯೊಂದು ಎದ್ದಿತು. ಒಡೆದ ದನಿ, ತೊದಲು ದನಿ, ಆದರೆ ರಾಗ ನೇರ. ಜಗಲಿಯ ಗೋಡೆಗೆ ಒರಗಿದ ಹೊನ್ನಮ್ಮ ನಿಂತ ಸಾಲನ್ನು ಎತ್ತಿಕೊಂಡಿದ್ದಳು. ಏಳೆಂಟು ತಿಂಗಳಿಂದ ಮಗಳ ಹೆಸರು ಕರೆಯಲು ಬಾರದವಳ ಬಾಯಲ್ಲಿ ಆ ನುಡಿ ಪೂರಾ ಬಂತು. ನಾಲ್ಕನೆಯದೂ ಬಂತು. ಚಪ್ಪರದ ಹೊರಗೆ ಹೇಳಬಾರದೆಂಬ ಮಾತು ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ. ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಲಕ್ವ ಹೊಡೆದವರಲ್ಲಿ ಮಾತು ಹೋಗಿ ಹಾಡು ಉಳಿಯುವುದುಂಟು ಅಂತ ಆಮೇಲೆ ಡಾಕ್ಟರೊಬ್ಬರು ಹೇಳಿದರು. ಆ ಹೊತ್ತಿಗೆ ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಮದುವೆಯ ಹುಡುಗಿ ಜೋರಾಗಿ ಅಳುತ್ತಿದ್ದಳು. ನಾನೂ ಅತ್ತೆ, ಮುಚ್ಚಿಡುವುದು ಯಾಕೆ?

ಹಾಡು ಮುಗಿಯಿತು. ಹೊನ್ನಮ್ಮ ಏನೋ ಹೇಳಲು ಹೋದಳು, ನಾಲಿಗೆ ಹೊರಳಲಿಲ್ಲ. ಎಡಗೈ ಎತ್ತಿ ನೀರಿನ ತಂಬಿಗೆ ತೋರಿಸಿದಳು. ಮೊಮ್ಮಗಳು ಓಡಿಹೋಗಿ ಕುಡಿಸಿದಳು.

ನಾನು ಮತ್ತೆ ರಿಮೋಟು ಹಿಡಿದು ಡಿಸ್ಕನ್ನು ಹಿಂದಕ್ಕೆ ತಿರುಗಿಸತೊಡಗಿದೆ, ಇನ್ನೊಂದು ಸಲ ನೋಡೋಣ ಅಂತ. ಮಾದೇವಕ್ಕ ಅಷ್ಟರಲ್ಲಿ ತಾಯಿಯ ಕಾಲ ಬುಡದಲ್ಲಿ ಹೋಗಿ ಕೂತಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

‘ಅದ್ನ ಬಂದ್ ಮಾಡ್ರಿ ನಾಯ್ಕ್ರೆ’ ಅಂದಳು. ‘ಅವ್ವೇ, ಇನ್ನೊಂದ್ಸಲ ಹೇಳು. ಮೊದ್ಲಿಂದ.’